ಕಡಮೆ ಖರ್ಚಿನಲ್ಲಿ ರುಚಿಯೂ ಪುಷ್ಟಿಯೂ ಇರುವ ಊಟ



ಈ ವಾರ ಸಂತೆಯಿಂದಲೋ ಅಂಗಡಿಯಿಂದಲೋ ನಿಮ್ಮ ಮನೆಗೆ ಬಂದ ಚೀಲವನ್ನು ಒಮ್ಮೆ ಚಾಪೆಯ ಮೇಲೆ ಸುರಿದು ನೋಡಿ. ಏನೇನು ಇದೆ? ಅಕ್ಕಿ ಇದೆ. ಎಣ್ಣೆ, ಸಕ್ಕರೆ, ಕಾಫಿ ಪುಡಿ ಇವೆ. ಈರುಳ್ಳಿ, ಟೊಮೇಟೊ, ಆಲೂಗೆಡ್ಡೆ ಇವೆ. ಮಕ್ಕಳು ಹಟಮಾಡಿ ತೆಗೆಸಿಕೊಂಡ ಬಿಸ್ಕತ್ತು ಮತ್ತು ಕುರುಕಲು ತಿಂಡಿಯ ಪೊಟ್ಟಣಗಳಿವೆ. ಇನ್ನು ಕಾಳು ಎಷ್ಟಿದೆ? ಸೊಪ್ಪು ಎಷ್ಟು ಕಟ್ಟು? ರಾಗಿ ಇದೆಯೆ? ಬಹುಪಾಲು ಮನೆಗಳಲ್ಲಿ ಈ ಮೂರು ಪ್ರಶ್ನೆಗಳಿಗೆ ಉತ್ತರ ಹೇಳುವಾಗ ದನಿ ಸ್ವಲ್ಪ ತಗ್ಗುತ್ತದೆ.

ಕೆಂಗೇರಿ, ರಾಮೋಹಳ್ಳಿ, ತಾವರೆಕೆರೆ ಕಡೆಯ ಹಳ್ಳಿಗಳವರಾಗಲಿ, ಕೆಲಸಕ್ಕಾಗಿ ಹೋಗಿ ವಿಜಯನಗರ, ರಾಜಾಜಿನಗರ, ಬಸವೇಶ್ವರನಗರಗಳಲ್ಲಿ ಬಾಡಿಗೆ ಮನೆ ಹಿಡಿದವರಾಗಲಿ, ಹಸಿದು ಮಲಗುವ ಸಂಸಾರಗಳು ಈಗ ಹಿಂದಿನಷ್ಟಿಲ್ಲ. 2013ರಲ್ಲಿ ಅನ್ನಭಾಗ್ಯ ಯೋಜನೆ ಬಂದ ಮೇಲೆ ಬಡವರ ಮನೆಗೂ ಅಕ್ಕಿ ಸಾಕಷ್ಟು ಬಂತು. ಅದು ಒಳ್ಳೆಯದೇ ಆಯಿತು. ಆದರೆ ಹೊಟ್ಟೆ ತುಂಬುವುದು ಬೇರೆ, ಮೈಗೆ ಪುಷ್ಟಿ ಬರುವುದು ಬೇರೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 65 ಮಂದಿಗೆ ರಕ್ತಹೀನತೆ ಇದ್ದದ್ದು ಕಂಡುಬಂತು. 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ಇದೇ ಸ್ಥಿತಿ. ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿರಲಿಲ್ಲ. ಈ ಮಕ್ಕಳು ನೋಡುವುದಕ್ಕೆ ಕಾಯಿಲೆಯವರಂತೆ ಕಾಣುವುದಿಲ್ಲ. ಆಡುತ್ತಾರೆ, ಶಾಲೆಗೆ ಹೋಗುತ್ತಾರೆ. ಆದರೆ ಬೇಗ ದಣಿಯುತ್ತಾರೆ, ಪಾಠ ತಲೆಗೆ ಹತ್ತುವುದಿಲ್ಲ. ಮನೆಯ ತಾಯಿ ಮಧ್ಯಾಹ್ನದ ಹೊತ್ತಿಗೆ ಗೋಡೆಗೆ ಒರಗಿ ಕೂತುಬಿಟ್ಟರೆ ಬಿಸಿಲೆಂದು ಸುಮ್ಮನಾಗುತ್ತೇವೆ.

ಪುಷ್ಟಿಯ ಆಹಾರವೆಂದ ಕೂಡಲೇ ಅನೇಕರಿಗೆ ಸೇಬು, ಬಾದಾಮಿ, ಡಬ್ಬದ ಪುಡಿ ಇವು ನೆನಪಾಗುತ್ತವೆ. "ಅವೆಲ್ಲ ನಮ್ಮ ಕೈಗೆ ಎಟಕುವುದಲ್ಲ" ಎಂದು ಮಾತು ಮುಗಿಯುತ್ತದೆ. ಇದು ತಪ್ಪು ತಿಳಿವಳಿಕೆ. ನಮ್ಮ ಸೀಮೆಯ ಹಳೆಯ ಊಟ, ಅಂದರೆ ರಾಗಿ ಮುದ್ದೆ, ಕಾಳು ಸೊಪ್ಪಿನ ಸಾರು, ಒಂದು ಲೋಟ ಮಜ್ಜಿಗೆ, ಇದಕ್ಕಿಂತ ಅಗ್ಗದಲ್ಲಿ ಇದಕ್ಕಿಂತ ಹೆಚ್ಚು ಸತ್ವ ಕೊಡುವ ಊಟ ಸಿಕ್ಕುವುದು ಕಷ್ಟ. ಆ ಊಟ ಪೂರ್ತಿ ಬಿಟ್ಟುಹೋಗಿಯೂ ಇಲ್ಲ. ಮುದ್ದೆಯೋ ಅನ್ನವೋ ತಟ್ಟೆಯಲ್ಲಿ ಉಳಿದಿದೆ. ಅದರ ಪಕ್ಕದಲ್ಲಿರಬೇಕಾದ ಕಾಳು ಮತ್ತು ಸೊಪ್ಪು ಸಾರಿನ ತಳಕ್ಕೆ ಇಳಿದು ತೆಳ್ಳಗಾಗಿವೆ. ಅವನ್ನು ತಟ್ಟೆಗೆ ಮರಳಿ ತರುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದೆ.

ರಾಗಿಯ ಲೆಕ್ಕ

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯವರು ನಮ್ಮ ದೇಶದ ಆಹಾರಗಳಲ್ಲಿ ಏನೇನು ಎಷ್ಟೆಷ್ಟು ಇದೆಯೆಂದು ಅಳೆದು 2017ರಲ್ಲಿ ಪಟ್ಟಿ ಪ್ರಕಟಿಸಿದ್ದಾರೆ. ಅದರ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಷ್ಟೇ ತೂಕದ ಪಾಲಿಷ್ ಅಕ್ಕಿಯಲ್ಲಿ ಇರುವುದು ಹತ್ತು ಮಿಲಿಗ್ರಾಮಿಗೂ ಕಡಮೆ. ಕಬ್ಬಿಣದ ಅಂಶ ರಾಗಿಯಲ್ಲಿ ಸುಮಾರು 4.6 ಮಿಲಿಗ್ರಾಂ, ಅಕ್ಕಿಯಲ್ಲಿ ಒಂದು ಮಿಲಿಗ್ರಾಂ ಕೂಡ ಇಲ್ಲ. ಹಲ್ಲು ಮೂಳೆಗಳಿಗೆ ಸುಣ್ಣ, ರಕ್ತಕ್ಕೆ ಕಬ್ಬಿಣ. ಬೆಳೆಯುವ ಮಕ್ಕಳಿಗೂ ಹಾಲೂಡಿಸುವ ತಾಯಂದಿರಿಗೂ ಎರಡೂ ಅತ್ಯಾವಶ್ಯಕ. ಹಾಲನ್ನು ಬೇಕಾದಷ್ಟು ಕೊಳ್ಳಲಾರದ ಮನೆಯಲ್ಲಿ ಸುಣ್ಣದ ಕೊರತೆಯನ್ನು ರಾಗಿ ಬಹುಮಟ್ಟಿಗೆ ತುಂಬಬಲ್ಲದು.

2024-25ನೇ ಸಾಲಿಗೆ ಸರ್ಕಾರ ರಾಗಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,290 ರೂಪಾಯಿ. ಅಂದರೆ ರೈತನ ಕೈಗೆ ಕಿಲೋಗೆ ಸುಮಾರು 43 ರೂಪಾಯಿ. ರಾಗಿಯನ್ನೇ ಕೊಂಡು ಹಸನು ಮಾಡಿ ಗಿರಣಿಗೆ ಒಯ್ದರೆ ಪೊಟ್ಟಣದ ಹಿಟ್ಟಿಗಿಂತ ಅಗ್ಗವಾಗುವುದು, ಹಿಟ್ಟೂ ಹೊಸದಾಗಿರುವುದು. ಬೀಸಿದ ಹಿಟ್ಟನ್ನು ತೀರ ಸಣ್ಣ ವಂದರಿಯಲ್ಲಿ ಹಿಡಿಯಬೇಡಿ. ಮುದ್ದೆ ನುಣುಪಾಗಲೆಂದು ಎಸೆಯುವ ತೌಡಿನಲ್ಲಿ ನಾರೂ ಇದೆ, ಸುಣ್ಣವೂ ಇದೆ.

ರಾಗಿ ಕೆಡುವುದೂ ಕಡಮೆ. ಒಣಗಿಸಿ ಇಟ್ಟ ರಾಗಿಗೆ ಹುಳ ಬೀಳುವುದು ಅಪರೂಪ. ಹಿಂದೆ ನಮ್ಮ ಹಳ್ಳಿಗಳಲ್ಲಿ ಹಗೇವು ತೋಡಿ ವರ್ಷಗಟ್ಟಲೆ ರಾಗಿ ಕಾಪಾಡುತ್ತಿದ್ದರು. ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಅಕ್ಕಿ ರಾಗಿಗಳ ಜಗಳ ತೀರುವುದೂ ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ನೋಡಿದ ಮೇಲೆಯೇ. ಸುಗ್ಗಿಯಲ್ಲಿ ಬೆಲೆ ಇಳಿದಾಗ ನಾಲ್ಕಾರು ತಿಂಗಳಿಗೆ ಬೇಕಾದ ರಾಗಿಯನ್ನು ಒಟ್ಟಿಗೆ ತಂದಿಟ್ಟರೆ ನಷ್ಟವಿಲ್ಲ.

ನಮ್ಮ ರಾಗಿಗೆ ಇಳುವರಿ ಬಂದದ್ದರ ಹಿಂದೆ ಒಬ್ಬರ ದುಡಿಮೆಯಿದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಕೆಲಸ ಮಾಡುತ್ತಿದ್ದ ಲಕ್ಷ್ಮಣಯ್ಯನವರು ನಮ್ಮ ನಾಡಿನ ತಳಿಗಳನ್ನು ಆಫ್ರಿಕದ ತಳಿಗಳೊಡನೆ ಕೂಡಿಸಿ ಇಂಡಾಫ್ ರಾಗಿಯನ್ನು ತಂದರು. ಇಂಡಿಯಾ, ಆಫ್ರಿಕಾ ಎರಡೂ ಆ ಹೆಸರಿನಲ್ಲಿವೆ. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು.

ಹೊಲದ ಅಕ್ಕಡಿ, ತಟ್ಟೆಯ ಕಾಳು

ರಾಗಿ ಎಷ್ಟೇ ಒಳ್ಳೆಯದಾದರೂ ಅದೊಂದರಿಂದಲೇ ಮೈ ಬೆಳೆಯುವುದಿಲ್ಲ. ಮಾಂಸಖಂಡ ಕಟ್ಟುವ ವಸ್ತುವಿಗೆ ಸಸಾರಜನಕ ಎಂದು ಹೆಸರು. ಪೇಟೆಯಲ್ಲಿ ಪ್ರೋಟೀನ್ ಎನ್ನುವುದು ಇದನ್ನೇ. ಇದು ರಾಗಿಯಲ್ಲೂ ಅಕ್ಕಿಯಲ್ಲೂ ನೂರಕ್ಕೆ ಏಳೆಂಟು ಪಾಲು ಮಾತ್ರ ಇದೆ, ಅದೂ ಪೂರ್ಣವಲ್ಲ. ಮನೆ ಕಟ್ಟುವ ಉಪಮಾನದಿಂದ ಇದನ್ನು ತಿಳಿಯಬಹುದು. ಗೋಡೆಗೆ ಇಟ್ಟಿಗೆಯೂ ಬೇಕು, ಕೆಸರುಮಣ್ಣೂ ಬೇಕು. ಇಟ್ಟಿಗೆಯ ರಾಶಿ ಬಿದ್ದಿದ್ದು ಮಣ್ಣು ಒಂದೇ ಬುಟ್ಟಿಯಿದ್ದರೆ ಗೋಡೆ ಏಳುವುದು ಆ ಒಂದು ಬುಟ್ಟಿ ಮಣ್ಣಿನಷ್ಟೇ. ರಾಗಿ ಅಕ್ಕಿಗಳ ಸಸಾರಜನಕದಲ್ಲಿ ಲೈಸೀನ್ ಎಂಬ ಭಾಗ ಕಡಮೆ; ಕಾಳುಗಳಲ್ಲಿ ಅದು ಹೇರಳ. ಕಾಳುಗಳಲ್ಲಿ ಕೊರತೆಯಿರುವ ಇನ್ನೊಂದು ಭಾಗ ಧಾನ್ಯಗಳಲ್ಲಿದೆ. ಎರಡನ್ನೂ ಒಂದೇ ದಿನದ ಊಟದಲ್ಲಿ ತಿಂದರೆ ಒಂದರ ಕೊರತೆಯನ್ನು ಮತ್ತೊಂದು ತುಂಬುತ್ತದೆ.

ನಮ್ಮ ಹಿರಿಯರಿಗೆ ಲೈಸೀನಿನ ಹೆಸರು ಗೊತ್ತಿರಲಿಲ್ಲ. ಆದರೂ ಅವರ ರಾಗಿ ಹೊಲದಲ್ಲಿ ಬರಿಯ ರಾಗಿ ಇರುತ್ತಿರಲಿಲ್ಲ. ಕೆಲವು ಸಾಲಿಗೊಮ್ಮೆ ಅಕ್ಕಡಿ ಬಿಟ್ಟು ಅದರಲ್ಲಿ ಅವರೆ, ತೊಗರಿ, ಅಲಸಂದೆ, ಜೋಳ, ಹುಚ್ಚೆಳ್ಳು ಬಿತ್ತುತ್ತಿದ್ದರು. ಮಳೆ ಕೈಕೊಟ್ಟು ರಾಗಿ ಹೋದರೂ ಅಕ್ಕಡಿಯ ಕಾಳು ಕೈಗೆ ಬರುತ್ತಿತ್ತು. ಕಾಳಿನ ಗಿಡದ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೂ ಗೊಬ್ಬರ ಕೊಡುತ್ತಿದ್ದವು. ಹುಚ್ಚೆಳ್ಳಿನ ಹೂವಿಗೆ ಜೇನು ಬರುತ್ತಿತ್ತು. ಅದರ ಕಾಳಿನ ಚಟ್ನಿಪುಡಿ ಮುದ್ದೆಗೂ ರೊಟ್ಟಿಗೂ ಆಗುತ್ತಿತ್ತು. ಹೀಗೆ ಊಟದ ತಟ್ಟೆಯಲ್ಲಿ ಇರಬೇಕಾದದ್ದೆಲ್ಲ ಒಂದೇ ಹೊಲದಲ್ಲಿ ನಿಂತಿರುತ್ತಿತ್ತು. ಈಗ ಕೆಂಗೇರಿಯ ಸುತ್ತ ಹೊಲಗಳೇ ಬಡಾವಣೆಗಳಾಗಿವೆ. ಉಳಿದ ಹೊಲಗಳಲ್ಲೂ ಯಂತ್ರದಿಂದ ಕೊಯ್ಯುವುದಕ್ಕೆ ಅಡ್ಡಿಯೆಂದು ಅಕ್ಕಡಿ ಕೈಬಿಟ್ಟವರಿದ್ದಾರೆ. ಕಾಳು ಮನೆಯಲ್ಲಿ ಬೆಳೆಯುವ ವಸ್ತುವಾಗಿದ್ದದ್ದು ಕೊಳ್ಳುವ ವಸ್ತುವಾಯಿತು. ಕೊಳ್ಳುವಾಗ ಎಲ್ಲರೂ ಕೈ ಹಿಡಿಯುತ್ತಾರೆ. ಎರಡು ಎಕರೆ ಖುಷ್ಕಿ ಇನ್ನೂ ಉಳಿಸಿಕೊಂಡಿರುವ ರೈತಬಂಧುಗಳು ಬರುವ ಮುಂಗಾರಿನಲ್ಲಿ ಒಂದು ತುಂಡಿನಲ್ಲಾದರೂ ಅಕ್ಕಡಿ ಹಾಕಿ ನೋಡಬೇಕೆಂದು ವಿನಂತಿ.

ಎಷ್ಟು ಕಾಳು ಬೇಕು? ಅದೇ ಪೌಷ್ಟಿಕತಾ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಸೂಚನೆಗಳಲ್ಲಿ ದೊಡ್ಡವರೊಬ್ಬರ ದಿನದ ತಟ್ಟೆಗೆ 250 ಗ್ರಾಂ ಧಾನ್ಯ, 85 ಗ್ರಾಂ ಕಾಳು ಬೇಳೆ, 400 ಗ್ರಾಂ ತರಕಾರಿ ಸೊಪ್ಪು ಎಂದು ಹೇಳಿದೆ. ಮೊಟ್ಟೆ, ಮೀನು, ಮಾಂಸ ತಿನ್ನುವವರಿಗೆ ಆ 85 ಗ್ರಾಮಿನಲ್ಲಿ ಒಂದು ಪಾಲು ಅವುಗಳಿಂದ ಬರಬಹುದು. ಹೆಚ್ಚುಕಡಮೆ ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಕಾಳು ಎಂದಾಯಿತು. ನಾಲ್ಕು ಜನರ ಮನೆಗೆ ತಿಂಗಳಿಗೆ ಹತ್ತು ಕಿಲೋ ಆಗುತ್ತದೆ. ಹೌದು, ಹತ್ತು ಕಿಲೋ! ಕೇಳಿದವರು ಹುಬ್ಬೇರಿಸುವುದು ಸಹಜ. ಎರಡು ಕಿಲೋ ತೊಗರಿಬೇಳೆಯಲ್ಲಿ ತಿಂಗಳು ದೂಡುವ ಮನೆಗಳು ಬಹಳ. ಒಮ್ಮೆಗೇ ಹತ್ತಕ್ಕೆ ಏರುವುದು ಆಗದ ಮಾತಾದರೆ ಈಗಿರುವುದನ್ನು ಎರಡರಷ್ಟು ಮಾಡಿ.

ದುಡ್ಡು ಎಲ್ಲಿಂದ ಬರಬೇಕು ಎನ್ನುವಿರಿ. ಮತ್ತೆ ಆ ಚೀಲಕ್ಕೇ ಬರೋಣ. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಸಸಾರಜನಕ, ಸುಮಾರು 270 ಮಿಲಿಗ್ರಾಂ ಸುಣ್ಣ, ಎಂಟು ಮಿಲಿಗ್ರಾಮಿಗೂ ಹೆಚ್ಚು ಕಬ್ಬಿಣ ಇವೆ. ಬಿಸ್ಕತ್ತಿನ ಪೊಟ್ಟಣದ ಹಿಂಬದಿಯನ್ನು ಮಗಳ ಕೈಯಲ್ಲಿ ಓದಿಸಿ: ಬಹುಪಾಲಿನವುಗಳಲ್ಲಿ 100 ಗ್ರಾಮಿಗೆ ಆರೇಳು ಗ್ರಾಂ ಸಸಾರಜನಕ, ಇಪ್ಪತ್ತು ಗ್ರಾಮಿಗೂ ಮೀರಿ ಸಕ್ಕರೆ ಇರುವುದು. ಹುರುಳಿ ಕಿಲೋಗೆ 80 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೆ ಹತ್ತು ರೂಪಾಯಿಗೆ 125 ಗ್ರಾಂ ಹುರುಳಿ, ಅದರಲ್ಲಿ 27 ಗ್ರಾಂ ಸಸಾರಜನಕ. ಹತ್ತು ರೂಪಾಯಿಯ ಬಿಸ್ಕತ್ತಿನಲ್ಲಿ ಸಿಕ್ಕುವುದು ಅದಕ್ಕಿಂತ ಬಹಳ ಕಡಮೆ. ನಿಮ್ಮ ಅಂಗಡಿಯ ಬೆಲೆ ಬೇರೆ ಇರಬಹುದು. ಲೆಕ್ಕ ಮಾಡುವ ರೀತಿ ಇದೇ.

ಡಬ್ಬದ ಪುಡಿಗಳ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಮಗು ಎತ್ತರವಾಗಲಿ, ಚುರುಕಾಗಲಿ ಎಂದು ಹೊಟ್ಟೆ ಬಟ್ಟೆ ಕಟ್ಟಿ ಇವನ್ನು ಕೊಳ್ಳುವ ತಂದೆತಾಯಿಗಳಿದ್ದಾರೆ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವು ಆನ್‌ಲೈನ್ ಅಂಗಡಿಗಳಿಗೆ ಸೂಚನೆ ಕಳಿಸಿ, ಇಂಥ ಪೇಯಗಳನ್ನು ಆರೋಗ್ಯ ಪೇಯವೆಂಬ ಹೆಸರಿನಡಿ ಮಾರಬಾರದೆಂದು ತಿಳಿಸಿತು. ಆರೋಗ್ಯ ಪೇಯ ಎಂಬುದಕ್ಕೆ ನಮ್ಮ ಆಹಾರ ಕಾನೂನಿನಲ್ಲಿ ಅರ್ಥವೇ ಕೊಟ್ಟಿಲ್ಲ ಎಂಬುದು ಅದಕ್ಕೆ ಕಾರಣ. ಆ ಡಬ್ಬದ ಹಣದಲ್ಲಿ ಎಷ್ಟು ಕಡಲೆಕಾಯಿ, ಎಷ್ಟು ಮೊಟ್ಟೆ ಬರುವುದೆಂದು ಎಣಿಸಿ ನೋಡಿ.

ಬಸಿದ ನೀರು ಚೆಲ್ಲಬೇಡಿ

ಈಗ ಅಡಿಗೆಮನೆಗೆ ಹೋಗೋಣ. ತಂದ ಸೊಪ್ಪು ಕಾಳುಗಳ ಸತ್ವವು ಬಾಯಿಗೆ ಬರುವ ಮೊದಲೇ ಬಚ್ಚಲಿಗೆ ಹೋಗುವುದುಂಟು. ಸೊಪ್ಪನ್ನು ಸಣ್ಣಗೆ ಹೆಚ್ಚಿದ ಮೇಲೆ ತೊಳೆಯುವುದು, ತುಂಬ ನೀರಿನಲ್ಲಿ ಬೇಯಿಸಿ ನೀರು ಚೆಲ್ಲುವುದು, ಬಣ್ಣ ಹಸಿರಾಗಿರಲೆಂದೋ ಕಾಳು ಬೇಗ ಬೇಯಲೆಂದೋ ಅಡಿಗೆ ಸೋಡ ಹಾಕುವುದು, ಈ ಮೂರರಿಂದಲೂ ಜೀವಸತ್ವಗಳು ನಷ್ಟವಾಗುತ್ತವೆ. ಬಿ ಗುಂಪಿನ ಮತ್ತು ಸಿ ಜೀವಸತ್ವಗಳು ನೀರಿನಲ್ಲಿ ಕರಗುವಂಥವು. ರಕ್ತಕ್ಕೆ ಬೇಕಾದ ಫೋಲಿಕ್ ಆಮ್ಲವೂ ಅವುಗಳಲ್ಲಿ ಒಂದು.

ಬಸ್ಸಾರು ಮಾಡುವ ಮನೆಯಲ್ಲಿ ಈ ನಷ್ಟದ ಪ್ರಶ್ನೆಯೇ ಇಲ್ಲ. ಬೆಂಗಳೂರು, ಮಾಗಡಿ, ಮಂಡ್ಯ ಸೀಮೆಯ ಈ ಅಡಿಗೆಯನ್ನು ನಿಮಗೆ ಹೇಳಿಕೊಡಬೇಕಾದದ್ದಿಲ್ಲ. ಆದರೂ ಅದರ ಕ್ರಮವನ್ನು ಒಮ್ಮೆ ನೆನೆಯುವುದರಿಂದ ಅದರ ಜಾಣತನ ತಿಳಿಯುತ್ತದೆ. ಒಂದು ಪಾವು ಅಲಸಂದೆಯನ್ನೋ ಹುರುಳಿಯನ್ನೋ ರಾತ್ರಿ ನೆನೆಹಾಕಿ. ನೆನೆಸಿದ ನೀರನ್ನು ಚೆಲ್ಲಿ, ಹೊಟ್ಟೆಯುಬ್ಬರ ಕಡಮೆಯಾಗುವುದು. ಹೊಸ ನೀರಿನಲ್ಲಿ ಕಾಳನ್ನು ಮುಕ್ಕಾಲು ಬೇಯಿಸಿ, ಆಮೇಲೆ ದಂಟಿನ ಸೊಪ್ಪು, ಅದರ ಎಳೆಯ ದಂಟು ಎರಡನ್ನೂ ಹಾಕಿ ಮುಚ್ಚಳ ಮುಚ್ಚಿ. ಬೆಂದ ಕೂಡಲೇ ಉಪ್ಪು ಹಾಕಿ ನೀರನ್ನು ಬೇರೆ ಪಾತ್ರೆಗೆ ಬಸಿಯಿರಿ. ಕಾಳು ಸೊಪ್ಪಿಗೆ ಸಾಸಿವೆ, ಈರುಳ್ಳಿ, ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯವಾಯಿತು. ಅದರಲ್ಲೇ ಒಂದು ಹಿಡಿ ತೆಗೆದಿಟ್ಟುಕೊಂಡು, ಕೆಂಡದಲ್ಲೋ ಬಾಣಲೆಯಲ್ಲೋ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ನಾಲ್ಕು ಕಾಳು ಮೆಣಸು, ಸಾರಿನ ಪುಡಿ, ಸ್ವಲ್ಪ ಕಾಯಿಯೊಡನೆ ಅರೆದು ಬಸಿದ ನೀರಿಗೆ ಕಲಸಿ ಕುದಿಸಿ. ಹುಣಸೆ ಹುಳಿಯನ್ನು ಈಗ ಹಾಕಿ. ಮೊದಲೇ ಹಾಕಿದರೆ ಕಾಳು ಬೇಯುವುದಿಲ್ಲ. ಅದು ಸಾರಾಯಿತು. ಒಂದೇ ಒಲೆ, ಒಂದೇ ಪಾತ್ರೆಯ ಬೇಯಿಸುವಿಕೆ, ಎರಡು ಅಡಿಗೆ, ತೊಟ್ಟು ನೀರೂ ಹೊರಗೆ ಹೋಗಲಿಲ್ಲ. ಅರೆಯುವುದಕ್ಕೆ ಹೊತ್ತಿಲ್ಲದ ದಿನ ಅದೇ ಬಸಿದ ನೀರು ಉಪ್ಸಾರಾಗುತ್ತದೆ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆ ಸೇರಿಸಿ ಅರೆದ ಖಾರ ಪಕ್ಕದಲ್ಲಿದ್ದರೆ ಸಾಕು.

ಈ ಊಟದಲ್ಲಿ ಒಂದೇ ಒಂದು ತೊಡಕಿದೆ. ರಾಗಿ, ಕಾಳು, ಸೊಪ್ಪುಗಳಲ್ಲಿರುವ ಕಬ್ಬಿಣವನ್ನು ನಮ್ಮ ಕರುಳು ಪೂರ್ತಿಯಾಗಿ ಹೀರಿಕೊಳ್ಳುವುದಿಲ್ಲ. ಅವುಗಳಲ್ಲೇ ಇರುವ ಕೆಲವು ವಸ್ತುಗಳು ಅದನ್ನು ಬಿಗಿಯಾಗಿ ಹಿಡಿದಿರುತ್ತವೆ. ಈ ಹಿಡಿತವನ್ನು ಸಡಿಲಿಸುವ ಉಪಾಯ ಸುಲಭ. ಊಟದ ಜೊತೆ ಹುಳಿಯ, ಸಿ ಜೀವಸತ್ವದ ಪದಾರ್ಥವಿರಲಿ. ಪಲ್ಯಕ್ಕೆ ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ, ಅಥವಾ ಊಟವಾದ ಮೇಲೆ ಒಂದು ಸೀಬೆಹಣ್ಣು ತಿನ್ನಿ. 100 ಗ್ರಾಂ ಸೀಬೆಯಲ್ಲಿ ಸುಮಾರು 200 ಮಿಲಿಗ್ರಾಂ ಸಿ ಜೀವಸತ್ವವಿದೆ. ದುಬಾರಿ ಸೇಬಿನಲ್ಲಿ ಅದು ತೀರ ಅಲ್ಪ. ಕಾಳನ್ನು ಮೊಳಕೆ ಬರಿಸುವುದೂ ದೋಸೆ ಹಿಟ್ಟನ್ನು ಹುದುಗು ಬರಿಸುವುದೂ ಇದೇ ಕೆಲಸ ಮಾಡುತ್ತವೆ. ಊಟದ ಜೊತೆಗೇ ಕಾಫಿ ಟೀ ಕುಡಿಯುವುದು ಮಾತ್ರ ಇದಕ್ಕೆ ವಿರುದ್ಧ. ಒಂದು ಗಂಟೆಯಾದರೂ ಬಿಡಬೇಕು. ಗಾರೆ ಕೆಲಸಕ್ಕೋ ಗಾರ್ಮೆಂಟ್ಸಿಗೋ ಹೋಗುವ ಹೆಂಗಸರು ಡಬ್ಬಿಯ ಊಟ ಮುಗಿಸಿ ಕೂಡಲೇ ಟೀ ಕುಡಿಯುವ ರೂಢಿಯಿದೆ. ಅದನ್ನು ಸ್ವಲ್ಪ ಮುಂದಕ್ಕೆ ಹಾಕಿದರೆ ಖರ್ಚಿಲ್ಲದೆ ಲಾಭವಿದೆ. ಬಸುರಿಯರಿಗೆ ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಗಳನ್ನು ಮಾತ್ರ ಊಟ ಚೆನ್ನಾಗಿದೆಯೆಂದು ಬಿಡತಕ್ಕದ್ದಲ್ಲ.

ಸೊಪ್ಪು ಎಲ್ಲಿಯದು?

ಸೊಪ್ಪು ಅಗ್ಗದ ವಸ್ತು. ಆದರೆ ನಮ್ಮ ಭಾಗದಲ್ಲಿ ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು: ಯಾವ ನೀರಿನಲ್ಲಿ ಬೆಳೆದದ್ದು? ವೃಷಭಾವತಿ ನದಿ ನಗರದ ಪಶ್ಚಿಮ ಭಾಗದ ಚರಂಡಿ ನೀರನ್ನೂ ಕಾರ್ಖಾನೆಗಳ ನೀರನ್ನೂ ಹೊತ್ತುಕೊಂಡು ಮೈಸೂರು ರಸ್ತೆಯ ಪಕ್ಕದಲ್ಲಿ ಕೆಂಗೇರಿಯನ್ನು ಹಾದು ಬೈರಮಂಗಲದ ಕೆರೆಗೆ ಸೇರುತ್ತದೆ. ಅದರ ನೀರಿನಲ್ಲಿ ಸೊಪ್ಪು ತರಕಾರಿ ಬೆಳೆಯುವ ಜಮೀನುಗಳಿವೆ. ಇಂಥ ಸೊಪ್ಪು ಕೊಬ್ಬಿ, ಕಡು ಹಸಿರಾಗಿ, ಬಹಳ ಚೆಂದ ಕಾಣುವುದು. ರೋಗಾಣುಗಳು ತೊಳೆದು ಬೇಯಿಸುವುದರಿಂದ ಹೋದಾವು. ಬೇರಿನ ಮೂಲಕ ಎಲೆಗೆ ಏರಿದ ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಎಷ್ಟು ತೊಳೆದರೂ ಹೋಗುವುದಿಲ್ಲ. ಅಲ್ಲಿ ಬೆಳೆಯುವ ರೈತರನ್ನು ದೂರಿ ಫಲವಿಲ್ಲ; ನದಿಯನ್ನು ಕೆಡಿಸಿದವರು ಅವರಲ್ಲ. ಆದರೆ ಕೊಳ್ಳುವವರು ಕೇಳಿ ಕೊಳ್ಳಬೇಕು. ಪರಿಚಯದ ಸೊಪ್ಪಿನಮ್ಮನನ್ನೇ ಹಿಡಿದು, ಬಾವಿಯ ನೀರೋ, ಕೊಳವೆ ಬಾವಿಯೋ, ಹೊಳೆಯದೋ ಎಂದು ವಿಚಾರಿಸಿ.

ಹಿಂದೆ ಮಳೆ ಬಿದ್ದ ಮೇಲೆ ರಾಗಿ ಹೊಲಗಳಲ್ಲಿ ತಾವಾಗಿ ಹುಟ್ಟುವ ಅಣ್ಣೆ, ಕೀರೆ, ಗಣಿಕೆ, ಹೊನಗೊನೆ ಮುಂತಾದ ಹತ್ತಾರು ಬಗೆಯನ್ನು ಮಡಿಲಲ್ಲಿ ಕಿತ್ತು ತಂದು ಬೆರಕೆ ಸೊಪ್ಪಿನ ಸಾರು ಮಾಡುತ್ತಿದ್ದರು. ಆ ರುಚಿ ಒಂದೇ ಸೊಪ್ಪಿನಿಂದ ಬರುವಂಥದಲ್ಲ. ಗುರುತು ಬಲ್ಲ ಅಜ್ಜಿಯರು ನಿಮ್ಮ ಮನೆಯಲ್ಲಿದ್ದರೆ ಮೊಮ್ಮಕ್ಕಳನ್ನು ಅವರ ಜೊತೆ ಹೊಲಕ್ಕೆ ಕಳಿಸಿ ಕಲಿಸಿರಿ. ಕಳೆನಾಶಕ ಹೊಡೆದ ಹೊಲದಲ್ಲಿ, ರಸ್ತೆಯ ಅಂಚಿನಲ್ಲಿ, ಚರಂಡಿಯ ಪಕ್ಕದಲ್ಲಿ ಕೀಳಬಾರದು. ಗುರುತು ಸಿಕ್ಕದ ಗಿಡವನ್ನು ಮುಟ್ಟಲೇಬಾರದು.

ಎಲ್ಲಕ್ಕಿಂತ ನಂಬಿಕೆಯದು ಹಿತ್ತಲಿನ ನುಗ್ಗೆ ಮರ. ಒಂದು ತೋಳುಗಾತ್ರದ ಕೊಂಬೆಯನ್ನು ನೆಟ್ಟರೆ ಚಿಗುರಿಕೊಳ್ಳುವುದು. ಅದರ 100 ಗ್ರಾಂ ಸೊಪ್ಪಿನಲ್ಲಿ ಆರು ಗ್ರಾಮಿಗೂ ಹೆಚ್ಚು ಸಸಾರಜನಕ, ಸುಮಾರು 300 ಮಿಲಿಗ್ರಾಂ ಸುಣ್ಣ, ಕಣ್ಣಿಗೆ ಬೇಕಾದ ಎ ಜೀವಸತ್ವ ಕೊಡುವ ವಸ್ತು ಹೇರಳವಾಗಿ ಇವೆ. ವಿಜಯನಗರದ ಮಹಡಿಯ ಮನೆಯವರು ಹಳೆಯ ಬಕೀಟಿನಲ್ಲಿ ದಂಟು, ಬಸಳೆ, ದೊಡ್ಡಪತ್ರೆ ಬೆಳೆಸಬಹುದು. ಅಕ್ಕಿ ತೊಳೆದ ನೀರು ಸಾಕು.

ಮಗುವಿನ ಸರಿ

ಆರು ತಿಂಗಳು ತುಂಬುವವರೆಗೆ ಮಗುವಿಗೆ ತಾಯಿಯ ಹಾಲೊಂದೇ ಸಾಕು. ಆಮೇಲೆ ಹಾಲಿನ ಜೊತೆ ಮೇಲಾಹಾರ ಶುರುವಾಗಬೇಕು. ಇಲ್ಲೊಂದು ಕಷ್ಟವಿದೆ. ರಾಗಿ ಹಿಟ್ಟನ್ನು ಬೇಯಿಸಿದರೆ ಅದು ಉಬ್ಬಿ ಗಟ್ಟಿಯಾಗುವುದು. ಮಗು ನುಂಗಲೆಂದು ನೀರು ಹಾಕಿ ಹಾಕಿ ತೆಳ್ಳಗೆ ಮಾಡುತ್ತೇವೆ. ಮಗುವಿನ ಹೊಟ್ಟೆ ಅಂಗೈಯಷ್ಟು. ಅದು ನೀರಿನಿಂದಲೇ ತುಂಬಿಹೋಗಿ ಹಿಟ್ಟು ಒಂದೆರಡು ಚಮಚದಷ್ಟು ಮಾತ್ರ ಒಳಗೆ ಹೋಗಿರುತ್ತದೆ. ಮೂರು ಹೊತ್ತು ಸರಿ ತಿನ್ನಿಸಿದರೂ ಮಗು ಸೊರಗುವುದು ಇದರಿಂದ.

ಮೊಳಕೆ ಬಂದ ರಾಗಿಯಲ್ಲಿ ಪಿಷ್ಟವನ್ನು ಕರಗಿಸುವ ಒಂದು ಕಿಣ್ವ ಹುಟ್ಟುತ್ತದೆ. ಅದರ ಹಿಟ್ಟಿನಿಂದ ಮಾಡಿದ ಸರಿ ಗಟ್ಟಿಯಾಗುವುದಿಲ್ಲ. ಆದ್ದರಿಂದ ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಸಬಹುದು. ಮೈಸೂರಿನಲ್ಲಿ 1950ರಲ್ಲಿ ಪ್ರಾರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಈ ಬಗ್ಗೆ ಬಹಳ ಕೆಲಸ ನಡೆದಿದೆ. ಮನೆಯಲ್ಲಿ ಮಾಡುವ ಕ್ರಮ ಹೀಗೆ. ರಾಗಿಯನ್ನು ಚೆನ್ನಾಗಿ ತೊಳೆದು ಒಂದು ರಾತ್ರಿ ನೆನೆಸಿ, ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಒಂದೆರಡು ದಿನದಲ್ಲಿ ಬಿಳಿ ಮೊಳಕೆ ಕಾಣುವುದು. ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ಕೈಯಿಂದ ಉಜ್ಜಿ ಮೊಳಕೆ ಉದುರಿಸಿ. ಬಹಳ ಹುರಿಯಬೇಡಿ, ಕಾವು ಹೆಚ್ಚಾದರೆ ಕಿಣ್ವ ಸಾಯುತ್ತದೆ. ಹೆಸರುಕಾಳನ್ನೂ ಹೀಗೆಯೇ ಮೊಳಕೆ ಬರಿಸಿ ಒಣಗಿಸಿ, ಎರಡು ಪಾಲು ರಾಗಿಗೆ ಒಂದು ಪಾಲು ಹೆಸರು ಸೇರಿಸಿ ಬೀಸಿದರೆ ಇಟ್ಟಿಗೆಯೂ ಮಣ್ಣೂ ಕೂಡಿದಂತಾಯಿತು. ತಣ್ಣೀರಿನಲ್ಲಿ ಕಲಸಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕುದಿ ಬರುವವರೆಗೆ ಬೇಯಿಸಿ, ಒಂದು ಚಮಚ ತುಪ್ಪವನ್ನೋ ಎಣ್ಣೆಯನ್ನೋ ಹಾಕಿ. ಬೂಷ್ಟು ವಾಸನೆ ಬಂದ ಮೊಳಕೆಯನ್ನು ದನಕ್ಕೂ ಹಾಕದೆ ಎಸೆಯಿರಿ. ಕಡಲೆಕಾಯಿ ಬೀಜಕ್ಕೂ ಇದೇ ನಿಯಮ: ಸುಕ್ಕಿದ, ಬಣ್ಣ ಕೆಟ್ಟ, ಬೂಷ್ಟು ಹಿಡಿದ ಬೀಜದಲ್ಲಿ ಪಿತ್ತಜನಕಾಂಗಕ್ಕೆ ವಿಷವಾದ ಪದಾರ್ಥವಿರುವುದು, ಹುರಿದರೂ ಹೋಗದು.

ದೊಡ್ಡ ಮಕ್ಕಳು ಮುದ್ದೆ ಕಂಡರೆ ಮುಖ ತಿರುಗಿಸುತ್ತಾರೆಂದು ಅನೇಕ ತಾಯಂದಿರ ದೂರು. ಬಲವಂತ ಮಾಡಿ ಪ್ರಯೋಜನವಿಲ್ಲ. ಈರುಳ್ಳಿ, ನುಗ್ಗೆಸೊಪ್ಪು ಹಾಕಿ ತಟ್ಟಿದ ಗರಿ ರಾಗಿ ರೊಟ್ಟಿಯನ್ನು ಬೇಡವೆನ್ನುವ ಮಗು ಅಪರೂಪ. ಹುರಿಗಡಲೆ, ಹುರಿದ ಕಡಲೆಕಾಯಿ ಬೀಜ, ಬೆಲ್ಲ ಕುಟ್ಟಿ ಕಟ್ಟಿದ ಉಂಡೆ ಬಿಸ್ಕತ್ತಿನ ಜಾಗಕ್ಕೆ ಸರಿಯಾಗುವುದು. ಸರ್ಕಾರಿ ಶಾಲೆಗಳಲ್ಲಿ 2013ರಿಂದ ಕ್ಷೀರಭಾಗ್ಯದ ಹಾಲು, 2024ರ ಫೆಬ್ರುವರಿಯಿಂದ ಆ ಹಾಲಿನೊಡನೆ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್ ಕೊಡುವ ಏರ್ಪಾಡಾಯಿತು. ಊಟದ ಜೊತೆ ಮೊಟ್ಟೆ, ಅದು ಬೇಡವಾದವರಿಗೆ ಬಾಳೆಹಣ್ಣು. ಒಂದು ಮೊಟ್ಟೆಯಲ್ಲಿ ಆರು ಗ್ರಾಮಿನಷ್ಟು ಉತ್ತಮ ಸಸಾರಜನಕವಿದೆ. ಮನೆಯಲ್ಲಿ ತಿನ್ನುವ ರೂಢಿಯಿದ್ದು ಶಾಲೆಯಲ್ಲಿ ನಾಚಿಕೆಯಿಂದ ಬಿಡುವ ಮಕ್ಕಳಿಗೆ ಧೈರ್ಯ ಹೇಳಿ ಕಳಿಸಿ. ಮನೆಯಲ್ಲೇ ರೂಢಿಯಿಲ್ಲದವರಿಗೆ ಯಾರೂ ಬಲವಂತ ಮಾಡತಕ್ಕದ್ದಲ್ಲ.

ಇನ್ನು ಅವರೆಯ ಕಾಲದ ವಿಚಾರ. ಡಿಸೆಂಬರ್, ಜನವರಿಯಲ್ಲಿ ಮಾಗಡಿ ರಸ್ತೆಯುದ್ದಕ್ಕೂ ಸೊಗಡಿನ ಅವರೆಕಾಯಿಯ ರಾಶಿ ಬೀಳುವುದು. ಮೊದಲ ವಾರದ ಬೆಲೆಗೆ ಕೊಳ್ಳಬೇಡಿ. ಸಂಕ್ರಾಂತಿಯ ಹೊತ್ತಿಗೆ ಮಾಲು ತುಂಬಿ ಬೆಲೆ ಇಳಿದಾಗ ಒಟ್ಟಿಗೆ ತಂದು, ಮನೆಯವರೆಲ್ಲ ಕೂತು ಸುಲಿದು, ಬೇಕಾದಷ್ಟನ್ನು ಉಪ್ಪಿಟ್ಟಿಗೂ ಹಿತಕಿದ ಬೇಳೆ ಸಾರಿಗೂ ಉಪಯೋಗಿಸಿ, ಬಲಿತ ಕಾಳನ್ನು ಬಿಸಿಲಿಗೆ ಹಾಕಿ ಒಣಗಿಸಿಡಿ. ಬೂದಿಯೋ ಒಣ ಬೇವಿನ ಸೊಪ್ಪೋ ಬೆರೆಸಿ ಡಬ್ಬದಲ್ಲಿಟ್ಟರೆ ಮಳೆಗಾಲದಲ್ಲಿ ತರಕಾರಿ ದುಬಾರಿಯಾದಾಗ ಬಸ್ಸಾರಿಗೆ ಒದಗುವುದು. ಉಳಿದ ಬಸ್ಸಾರನ್ನು ರಾತ್ರಿ ಒಮ್ಮೆ ಕುದಿಸಿ ಮುಚ್ಚಿಟ್ಟು, ಬೆಳಿಗ್ಗೆ ಮತ್ತೆ ಕುದಿಸಿ ಬಿಸಿ ಮುದ್ದೆಗೆ ಹಾಕಿಕೊಂಡು ನೋಡಿ. ಮೊದಲ ದಿನಕ್ಕಿಂತ ಎರಡನೆಯ ದಿನವೇ ಅದಕ್ಕೆ ರುಚಿ ಹೆಚ್ಚು.